ಸರಿಯಾದ ಸಹಿ ಯಾವುದು?

ಅಕ್ಕನ ಮಗಳಿಗೆ ಹದಿನೆಂಟು ತುಂಬಿದ ವಾರ ಅವಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅವಳದೇ ಹೆಸರಿನಲ್ಲಿ ತೆರೆಯುವ ಮೊದಲ ಖಾತೆ. ಹೈಸ್ಕೂಲಿನ ಓದೆಲ್ಲ ಮುಗಿಸಿದ್ದಳು, ಒಳ್ಳೆಯ ಅಂಕ ತೆಗೆದಿದ್ದಳು. ಅರ್ಜಿಯ ಚೌಕಗಳಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದಳು. ಮಾದರಿ ಸಹಿಯ ಚೌಕಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು. ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಕೌಂಟರಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ‘ಚಿಕ್ಕಮ್ಮ, ಸರಿಯಾದ ಸಹಿ ಯಾವುದು?’ ಎಂದು ಕೇಳಿದಳು. ನಿನಗೆ ಹೇಗೆ ಇಷ್ಟವೋ ಹಾಗೆ ಹಾಕು ಎಂದೆ. ‘ಹಾಗಲ್ಲ, ಇವರು ಯಾವುದನ್ನು ಒಪ್ಪುತ್ತಾರೆ? ಪೂರ್ತಿ ಹೆಸರು ಬರೆಯಬೇಕಾ, ಇನಿಷಿಯಲ್ ಸಾಕಾ? ತಪ್ಪಾದರೆ ಏನು ಮಾಡುತ್ತಾರೆ?’ ಅವಳ ಹಣೆಯಲ್ಲಿ ಸಣ್ಣಗೆ ಬೆವರು ಮೂಡಿತ್ತು. ಪರೀಕ್ಷೆಯ ಕೋಣೆಯಲ್ಲಿ ಪಾಠದಲ್ಲೇ ಇಲ್ಲದ ಪ್ರಶ್ನೆ ಬಂದಾಗ ಮಕ್ಕಳ ಮುಖದಲ್ಲಿ ಕಾಣುವ ಗಾಬರಿಯೇ ಅವಳ ಮುಖದಲ್ಲೂ ಇತ್ತು.

ಸಹಿಯಲ್ಲಿ ಸರಿ, ತಪ್ಪು ಎಂಬುದಿಲ್ಲ. ಅದು ಅವಳು ತಾನೇ ಗೊತ್ತುಮಾಡಿಕೊಂಡು, ಮುಂದೆ ಎಲ್ಲೆಡೆ ತನ್ನದೆಂದು ಒಪ್ಪಿಕೊಳ್ಳಬೇಕಾದ ಗುರುತು. ಹತ್ತು ಹನ್ನೆರಡು ವರ್ಷ ಶಾಲೆಯ ಬೆಂಚಿನಲ್ಲಿ ಕುಳಿತ ಮಗುವಿಗೆ ಅಂಥ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಅವಳು ಅದುವರೆಗೆ ಬರೆದ ಪ್ರತಿ ಉತ್ತರವೂ ಇನ್ನೊಬ್ಬರ ಬಳಿ ಮೊದಲೇ ಸಿದ್ಧವಾಗಿದ್ದದ್ದು. ಅವಳ ಕೆಲಸ ಅದನ್ನು ಹುಡುಕಿ ತಲುಪುವುದಷ್ಟೇ ಆಗಿತ್ತು. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಬರಹ ಅಲ್ಲಿಂದ ಹುಟ್ಟಿದ್ದು.

ನಮ್ಮ ಭಾಷೆ ಹೈಸ್ಕೂಲನ್ನು ಪ್ರೌಢಶಾಲೆ ಎನ್ನುತ್ತದೆ. ಶಾಲೆಯ ಫಲಕದ ಮೇಲೆ ಆ ಪದವನ್ನು ಸಾವಿರ ಸಲ ಓದಿದ್ದೇನೆ, ಒಂದು ಸಲವೂ ಒಡೆದು ನೋಡಿರಲಿಲ್ಲ. ಪ್ರೌಢರನ್ನು ಮಾಡುವ ಶಾಲೆ ಎಂದಲ್ಲವೇ ಅದರ ಅರ್ಥ ಇರಬೇಕಾದದ್ದು? ಹೆಸರಿನಲ್ಲೇ ಹೊತ್ತುಕೊಂಡಿರುವ ಆ ಮಾತನ್ನು ಶಾಲೆ ಎಷ್ಟರ ಮಟ್ಟಿಗೆ ನಡೆಸಿಕೊಡುತ್ತಿದೆ?

ಸೂತ್ರ ನನಗೆ ಗೊತ್ತಿತ್ತು

ಈ ಮಾತು ಬಂದಾಗಲೆಲ್ಲ ಸಾಮಾನ್ಯವಾಗಿ ಒಂದೇ ದೂರು ಕೇಳಿಬರುತ್ತದೆ. ತ್ರಿಕೋನಮಿತಿ ಕಲಿಸಿದರು, ತೆರಿಗೆ ಕಟ್ಟುವುದನ್ನು ಕಲಿಸಲಿಲ್ಲ. ಜೀವಕೋಶದ ಭಾಗಗಳನ್ನು ಕಲಿಸಿದರು, ವಿಮೆಯ ಕರಾರು ಓದುವುದನ್ನು ಕಲಿಸಲಿಲ್ಲ. ಆದ್ದರಿಂದ ಹಣಕಾಸಿನದೊಂದು ವಿಷಯ ಸೇರಿಸಿ, ಕಾನೂನಿನದೊಂದು ಸೇರಿಸಿ, ಸಂಸಾರದ್ದೊಂದು ಸೇರಿಸಿ. ನಾನೂ ಬಹಳ ವರ್ಷ ಇದನ್ನೇ ಹೇಳುತ್ತಿದ್ದೆ. ಆದರೆ ನನ್ನದೇ ಬದುಕಿನ ಒಂದು ಮಧ್ಯಾಹ್ನ ಈ ದೂರಿಗೆ ಹೊಂದುವುದಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಕೆಲಸಕ್ಕೆ ಸೇರಿ ಎರಡನೇ ವರ್ಷ, ಜೀವನದ ಮೊದಲ ಸಾಲ. ಸಾಲ ಕೊಡುವ ಸಂಸ್ಥೆಯ ಅಧಿಕಾರಿ ಕಾಗದದ ಕಟ್ಟನ್ನು ನನ್ನ ಕಡೆ ತಿರುಗಿಸಿ, ಸಹಿ ಬೀಳಬೇಕಾದ ಜಾಗಗಳಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕುತ್ತ ಹೋದರು. ‘ವರ್ಷಕ್ಕೆ ನೂರಕ್ಕೆ ಹನ್ನೆರಡು, ಮೂರು ವರ್ಷ, ಮೂವತ್ತಾರು ಕಂತು’ ಎಂದರು. ಎರಡನೇ ಪುಟದಲ್ಲಿ ಬಡ್ಡಿಯ ದರದ ಪಕ್ಕ ‘ಫ್ಲ್ಯಾಟ್’ ಎಂಬ ಪದವಿತ್ತು. ನನ್ನ ಕಣ್ಣು ಅದರ ಮೇಲೆ ನಿಂತದ್ದು ಇವತ್ತಿಗೂ ನೆನಪಿದೆ. ಇದರ ಅರ್ಥವೇನೆಂದು ಕೇಳಬೇಕು ಅನ್ನಿಸಿತು. ನನ್ನ ಹಿಂದೆ ಇಬ್ಬರು ಕಾಯುತ್ತಿದ್ದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿ ಹಿಡಿದಿದ್ದರು. ಓದಿದವಳು, ಇಷ್ಟೂ ತಿಳಿಯದೇ ಎಂದುಕೊಂಡಾರು ಎಂಬ ಅಳುಕು ಗಂಟಲಿನವರೆಗೂ ಬಂದು ಮಾತನ್ನು ತಡೆಯಿತು. ತಲೆಯಾಡಿಸಿದೆ. ಹದಿಮೂರು ಕಡೆ ಸಹಿ ಹಾಕಿದೆ.

ಆ ಪದದ ಅರ್ಥ ತಿಳಿದದ್ದು ಒಂದೂವರೆ ವರ್ಷದ ನಂತರ. ನೀವು ಪ್ರತಿ ತಿಂಗಳೂ ಅಸಲಿನ ಒಂದು ಪಾಲನ್ನು ತೀರಿಸುತ್ತಲೇ ಇರುತ್ತೀರಿ, ಆದರೆ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ನಡೆಯುತ್ತದೆ. ಸಾಲ ನೂರು ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ ಬಡ್ಡಿ ಮೂವತ್ತಾರು. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕಿದ್ದರೆ, ಅದೇ ಹನ್ನೆರಡರ ದರದಲ್ಲಿ ಅದು ಇಪ್ಪತ್ತರ ಒಳಗೇ ಇರುತ್ತಿತ್ತು. ತಿರುಗಿಸಿ ಹೇಳುವುದಾದರೆ, ಹನ್ನೆರಡು ಎಂದು ನಾನು ಒಪ್ಪಿಕೊಂಡ ದರ ನಿಜದಲ್ಲಿ ವರ್ಷಕ್ಕೆ ಇಪ್ಪತ್ತೊಂದರ ಮೇಲಿತ್ತು. ಲೆಕ್ಕ ಗೊತ್ತಾದ ರಾತ್ರಿ ಕಾಗದದ ಮೇಲೆ ಎರಡನ್ನೂ ಮಾಡಿ ನೋಡಿದೆ. ಅರ್ಧ ಗಂಟೆ ಹಿಡಿಯಿತು. ಕಷ್ಟವಾಗಲಿಲ್ಲ. ಏಕೆಂದರೆ ಶಾಲೆಯಲ್ಲಿ ಸರಳಬಡ್ಡಿ, ಚಕ್ರಬಡ್ಡಿ ಎರಡರ ಸೂತ್ರವನ್ನೂ ಚೆನ್ನಾಗಿ ಕಲಿಸಿದ್ದರು, ಆ ಅಧ್ಯಾಯದಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.

ಹಾಗಾದರೆ ಶಾಲೆ ಕಲಿಸದೆ ಬಿಟ್ಟದ್ದು ಯಾವುದು? ಬಡ್ಡಿಯನ್ನಲ್ಲ. ಪೆನ್ನು ಚಾಚಿಕೊಂಡು ಕುಳಿತವರ ಎದುರಿಗೆ ‘ಇದು ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ’ ಎನ್ನುವ ಆ ಒಂದು ಮಾತನ್ನು. ಹಾಗೆ ಹೇಳಲು ಧೈರ್ಯ ಬೇಕು. ಆ ಧೈರ್ಯ ತಾನಾಗಿ ಬರುವುದಿಲ್ಲ, ಅದಕ್ಕೆ ಅಭ್ಯಾಸ ಬೇಕು. ಹತ್ತು ವರ್ಷ ನನಗೆ ಅಭ್ಯಾಸವಾದದ್ದು ಅದರ ವಿರುದ್ಧದ್ದು. ಗೊತ್ತಿದ್ದವರು ಕೈ ಎತ್ತಿ ಎನ್ನುತ್ತಿದ್ದರು. ಗೊತ್ತಿಲ್ಲದವರು ಮುಂದಿನವರ ಬೆನ್ನ ಮರೆಗೆ ಜಾರುತ್ತಿದ್ದೆವು. ಗೊತ್ತಿಲ್ಲ ಎಂಬುದು ಬಚ್ಚಿಡಬೇಕಾದ ಸಂಗತಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಅದು ಎಲ್ಲಕ್ಕಿಂತ ಚೆನ್ನಾಗಿ ಮನದಟ್ಟಾಯಿತು.

ತೆಂಗಿನಕಾಯಿಯ ಲೆಕ್ಕ

ಇದು ನನ್ನೊಬ್ಬಳ ಅನುಭವವಿರಬಹುದು ಎಂದುಕೊಂಡಿದ್ದೆ. ಆಮೇಲೆ ಓದಲು ಸಿಕ್ಕ ಒಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ಬ್ರೆಜಿಲ್ಲಿನ ರೆಸೀಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕಿ ತೆರೆಜಿನ್ಯಾ ನುನೆಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ್ದು. ಮೊದಲು ಗಿರಾಕಿಗಳಂತೆ ಹೋಗಿ, ಇಷ್ಟು ಕೊಂಡರೆ ಎಷ್ಟಾಯಿತು, ಚಿಲ್ಲರೆ ಎಷ್ಟು ಕೊಡುತ್ತೀಯ ಎಂದು ಕೇಳಿದರು. ನೂರಕ್ಕೆ 98 ಉತ್ತರ ಸರಿ. ಆಮೇಲೆ ಅದೇ ಮಕ್ಕಳಿಗೆ ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕೊಟ್ಟರು. ಕಥೆಯ ರೂಪದಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ ಸುಮಾರು 74, ಬರೀ ಅಂಕಿಗಳಾಗಿ ಕೊಟ್ಟಾಗ ಸುಮಾರು 37. ತೆಂಗಿನಕಾಯಿ ಮಾರುವ ಒಂದು ಮಗುವಿನ ಉದಾಹರಣೆ ಅಲ್ಲಿದೆ. ಒಂದಕ್ಕೆ 35ರಂತೆ ನಾಲ್ಕು ಕಾಯಿಗೆ ಎಷ್ಟು ಎಂದರೆ, ಮೂರಕ್ಕೆ 105, ಅದಕ್ಕೆ 30 ಸೇರಿದರೆ 135, ಇನ್ನೈದು ಸೇರಿದರೆ 140 ಎಂದು ಬಾಯಿಲೆಕ್ಕದಲ್ಲೇ ಹೇಳಿತು. ಕಾಗದದ ಮೇಲೆ 35 ಗುಣಿಲೆ 4 ಬರೆದುಕೊಟ್ಟಾಗ, ನಾಲ್ಕೈದಲೆ ಇಪ್ಪತ್ತು, ದಶಕ ಎರಡು, ಎರಡು ಮೂರು ಕೂಡಿದರೆ ಐದು, ನಾಲ್ಕೈದಲೆ ಇಪ್ಪತ್ತು ಎಂದು ಹೇಳಿಕೊಳ್ಳುತ್ತ 200 ಎಂದು ಬರೆಯಿತು.

ನಾಲ್ಕು ಕಾಯಿಗೆ ಇನ್ನೂರು ಎಂದು ಬೀದಿಯಲ್ಲಿ ಹೇಳಿದ್ದರೆ ಆ ಮಗುವಿಗೆ ತಕ್ಷಣ ತಪ್ಪು ಕಾಣಿಸುತ್ತಿತ್ತು. ಕಾಗದದ ಮೇಲೆ ಕಾಣಿಸಲಿಲ್ಲ, ಏಕೆಂದರೆ ಅಲ್ಲಿ ಕಾಯಿ ಇಲ್ಲ, ಗಿರಾಕಿ ಇಲ್ಲ, ಕಳೆದುಕೊಳ್ಳುವುದೂ ಇಲ್ಲ. ನನ್ನದು ಇದರ ಮಗ್ಗುಲು ಬದಲಿಸಿದ ಕಥೆ: ಕಾಗದದ ಮೇಲಿನ ಬಡ್ಡಿ ಬರುತ್ತಿತ್ತು, ಮೇಜಿನ ಮೇಲಿನ ಬಡ್ಡಿ ಕಾಣಿಸಲಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ನಡೆದುಬರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಶಾಲೆಗಳು ನಿಂತಿವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ಆ ನಂಬಿಕೆಯನ್ನು ಅಲುಗಾಡಿಸಿದ್ದರು. ಎರಡು ಕೆಲಸಗಳ ನಡುವೆ ಒಂದೇ ಬಗೆಯ ಅಂಶಗಳು ಎಷ್ಟಿವೆಯೋ ಕಲಿಕೆ ದಾಟುವುದೂ ಹೆಚ್ಚುಕಡಿಮೆ ಅಷ್ಟೇ ಎಂಬುದು ಅವರು ಕಂಡುಕೊಂಡದ್ದು. ಪರೀಕ್ಷೆಯ ಕೋಣೆಗೂ ಸಾಲದ ಮೇಜಿಗೂ ಸಮಾನವಾದದ್ದು ಏನಿದೆ? ಪೆನ್ನು, ಕಾಗದ, ಗಡಿಯಾರ. ಅಷ್ಟೇ.

ಆದ್ದರಿಂದಲೇ ಹೊಸ ವಿಷಯ ಸೇರಿಸಿ ಎಂಬ ಪರಿಹಾರದ ಮೇಲೆ ನನಗೆ ಮೊದಲಿನ ಭರವಸೆ ಉಳಿದಿಲ್ಲ. ಹಣಕಾಸು ಶಿಕ್ಷಣದ 201 ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2014ರ ಒಂದು ವಿಶ್ಲೇಷಣೆಯ ಪ್ರಕಾರ, ಜನರು ಹಣದ ವಿಚಾರದಲ್ಲಿ ನಡೆದುಕೊಳ್ಳುವ ರೀತಿಯಲ್ಲಿನ ವ್ಯತ್ಯಾಸಗಳ ಪೈಕಿ ಅಂಥ ಶಿಕ್ಷಣದಿಂದ ವಿವರಿಸಬಹುದಾದದ್ದು ನೂರಕ್ಕೆ 0.1ರಷ್ಟು ಮಾತ್ರ. ಬಹಳ ಗಂಟೆಗಳ ಪಾಠವಿದ್ದರೂ ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಅದರ ಪ್ರಭಾವ ಹೆಚ್ಚುಕಡಿಮೆ ಅಳಿಸಿಹೋಗುತ್ತಿತ್ತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು: 76 ಪ್ರಯೋಗಗಳನ್ನು ಸೇರಿಸಿ ನೋಡಿದ 2022ರ ವಿಶ್ಲೇಷಣೆ ಇದಕ್ಕಿಂತ ಒಳ್ಳೆಯ ಫಲವನ್ನು ಕಂಡಿದೆ. ಪಾಠ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಆದರೆ ಹದಿನಾಲ್ಕರಲ್ಲಿ ಓದಿದ ವಿಮೆಯ ಅಧ್ಯಾಯ ಮೂವತ್ತರಲ್ಲಿ ವಿಮೆ ಕೊಳ್ಳುವಾಗ ತಾನಾಗಿ ಎದ್ದು ಬಂದು ಕೈಹಿಡಿಯುತ್ತದೆ ಎಂದು ನಂಬಿ ಕೂರಲಾರೆ. ಆ ಹೊತ್ತಿಗೆ ಕಾನೂನು ಬದಲಾಗಿರುತ್ತದೆ, ನಮೂನೆ ಬದಲಾಗಿರುತ್ತದೆ, ಅರ್ಜಿ ಕಾಗದದಿಂದ ಮೊಬೈಲಿಗೆ ಬಂದಿರುತ್ತದೆ. ಉಳಿಯುವುದು, ಗೊತ್ತಿಲ್ಲದ್ದರ ಮುಂದೆ ನಿಂತಾಗ ಈ ಮನುಷ್ಯ ಏನು ಮಾಡುತ್ತಾನೆ ಎಂಬುದೊಂದೇ.

ಕಡಿಮೆಬಿದ್ದ ಬಹುಮಾನಗಳು

ನನ್ನ ಶಾಲೆ ನನಗೆ ಏನೂ ಕೊಡಲಿಲ್ಲ ಎಂದರೆ ದೊಡ್ಡ ಸುಳ್ಳಾಗುತ್ತದೆ. ಓದಲು ಕೊಟ್ಟಿತು, ಅದೊಂದೇ ಸಾಕು. ನಾನು ಆರಿಸಿಕೊಳ್ಳದ ಜನರ ಜೊತೆ ದಿನಕ್ಕೆ ಆರು ಗಂಟೆ ಇರುವುದನ್ನು ಕಲಿಸಿತು. ಬೇಸರವನ್ನು ತಾಳಿಕೊಂಡು ಕೆಲಸ ಮುಗಿಸುವುದನ್ನು ಕಲಿಸಿತು. ಇವೆಲ್ಲ ದೊಡ್ಡವರ ಬದುಕಿನಲ್ಲಿ ದಿನವೂ ಬೇಕಾಗುತ್ತವೆ. ಮತ್ತೆ, ಒಂಬತ್ತನೇ ತರಗತಿಯಲ್ಲಿ ಒಬ್ಬ ಮೇಷ್ಟ್ರನ್ನು ಕೊಟ್ಟಿತು.

ಆ ವರ್ಷದ ಶಾಲಾ ವಾರ್ಷಿಕೋತ್ಸವದ ಹಣವನ್ನು ಅವರು ನಮ್ಮ ಕೈಗೇ ಒಪ್ಪಿಸಿದರು. ಐದು ಜನರ ಸಮಿತಿ. ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು. ನೀಲಿ ರಟ್ಟಿನ ಪುಸ್ತಕ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೇಷ್ಟ್ರು ಹೇಳಿದ್ದು ಎರಡೇ ಮಾತು: ‘ಹಣ ಇಷ್ಟೇ, ಇನ್ನು ಬರುವುದಿಲ್ಲ. ಸಂದೇಹ ಇದ್ದರೆ ಬಂದು ಕೇಳಿ.’ ನಾವು ಕೇಳಲು ಹೋಗಲೇ ಇಲ್ಲ. ದೊಡ್ಡವರಾಗಿಬಿಟ್ಟಿದ್ದೇವೆ ಎಂಬ ಹುಮ್ಮಸ್ಸು. ವೇದಿಕೆಯ ಅಲಂಕಾರಕ್ಕೆ ಬಟ್ಟೆ ತಂದೆವು, ಬಣ್ಣದ ದೀಪ ತಂದೆವು, ಮೊದಲು ತಂದ ಬಟ್ಟೆ ಚಿಕ್ಕದಾಯಿತೆಂದು ಇನ್ನೊಂದು ತಂದೆವು. ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಬಲಗಡೆಯ ಮೊತ್ತ ಕೂಡಿ ನೋಡಿದರೆ ಕ್ರೀಡಾ ಬಹುಮಾನಗಳಿಗೆ ತೆಗೆದಿಟ್ಟಿದ್ದ ಹಣದಲ್ಲಿ ಮುಕ್ಕಾಲು ಪಾಲು ಹೋಗಿತ್ತು.

ಪುಸ್ತಕ ಹಿಡಿದುಕೊಂಡು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತದ್ದನ್ನು ಮರೆಯಲಾರೆ. ಬಯ್ಯುತ್ತಾರೆ, ಬಯ್ದು ಆಮೇಲೆ ಎಲ್ಲಿಂದಲೋ ಹಣ ಹೊಂದಿಸಿಕೊಡುತ್ತಾರೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆವು. ಅವರು ಬಯ್ಯಲಿಲ್ಲ. ಪುಸ್ತಕವನ್ನು ಮೊದಲ ಪುಟದಿಂದ ಬೆರಳಿಟ್ಟು ಓದಿದರು. ‘ಎಲ್ಲಿ ತಪ್ಪಿತು ಅಂತ ನಿಮಗೆ ಗೊತ್ತಾಯಿತಾ?’ ಎಂದರು. ಎರಡನೇ ಬಟ್ಟೆ ಎಂದೆ. ‘ಸರಿ. ಈಗ ಗೆದ್ದ ಮಕ್ಕಳ ಹತ್ತಿರ ಯಾರು ಹೋಗಿ ಹೇಳುತ್ತೀರಿ?’ ಅಷ್ಟು ಹೇಳಿ ಪುಸ್ತಕ ವಾಪಸು ಕೊಟ್ಟರು.

ಓಟದಲ್ಲಿ ಗೆದ್ದವರಲ್ಲಿ ಒಬ್ಬಳು ಎಂಟನೇ ತರಗತಿಯ ಹುಡುಗಿ. ಅವಳ ಹತ್ತಿರ ನಾನೇ ಹೋಗಬೇಕಾಯಿತು. ನಿನಗೆ ಕಪ್ ಸಿಗುವುದಿಲ್ಲ, ಪ್ರಮಾಣಪತ್ರ ಮಾತ್ರ ಕೊಡುತ್ತೇವೆ, ಹಣ ನಾವು ಹೆಚ್ಚು ಖರ್ಚು ಮಾಡಿಬಿಟ್ಟೆವು, ತಪ್ಪು ನಮ್ಮದು ಎಂದು ಹೇಳಿದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ‘ಮನೆಯಲ್ಲಿ ಹೇಳಿಬಿಟ್ಟಿದ್ದೆ ಅಕ್ಕ’ ಎಂದಳು. ಆ ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಪ್ರಮಾಣಪತ್ರಗಳನ್ನು ಕೈಯಿಂದಲೇ ಬರೆದೆವು, ರಾತ್ರಿ ಕುಳಿತು, ಇದ್ದುದರಲ್ಲಿ ಚೆನ್ನಾಗಿ. ಅಂದಿನಿಂದ ಇಂದಿನವರೆಗೆ, ಕೈಯಲ್ಲಿ ಹಣವಿರುವಾಗ ಮೊದಲು ತೆಗೆದಿಡಬೇಕಾದದ್ದು ಯಾವುದು, ಅದು ಯಾರದು ಎಂದು ನೋಡಿಯೇ ಮುಂದಿನದಕ್ಕೆ ಕೈ ಹಾಕುತ್ತೇನೆ. ಇದನ್ನು ಯಾವ ಪಾಠವೂ ನನಗೆ ಕಲಿಸಿಲ್ಲ, ಆ ಹುಡುಗಿಯ ಒಂದು ಮಾತು ಕಲಿಸಿತು.

ಯೋಚಿಸಿದಷ್ಟೂ ಆ ಮೇಷ್ಟ್ರು ಮಾಡಿದ್ದು ಎಷ್ಟು ಕಷ್ಟದ ಕೆಲಸ ಎಂದು ಹೊಳೆಯುತ್ತದೆ. ನಮ್ಮನ್ನು ಪಾರುಮಾಡುವುದು ಅವರಿಗೆ ಸುಲಭವಿತ್ತು. ಅತಿಥಿಗಳ ಎದುರು ಬಹುಮಾನ ಕಡಿಮೆಬಿದ್ದರೆ ಮಾತು ಕೇಳಬೇಕಾದವರು ಅವರೇ. ಕೇಳಿದರು ಎಂದೂ ಆಮೇಲೆ ತಿಳಿಯಿತು. ನಷ್ಟ ಚಿಕ್ಕದಿರುವಾಗಲೇ ನಮಗೆ ನಿಜವಾದ ನಷ್ಟ ಆಗಲು ಬಿಟ್ಟರು, ಪಕ್ಕದಲ್ಲಿ ನಿಂತರು, ಹಿಂದೆ ಸರಿಯಲಿಲ್ಲ. ಪಾಠಪಟ್ಟಿ ಮುಗಿಸುವ ಧಾವಂತದಲ್ಲಿ, ತುಂಬಿ ತುಳುಕುವ ತರಗತಿಗಳಲ್ಲಿ, ಫಲಿತಾಂಶದ ಅಂಕಿಯಿಂದಲೇ ಅಳೆಯಿಸಿಕೊಳ್ಳುವ ಶಿಕ್ಷಕರಿಂದ ಇದನ್ನು ದಿನವೂ ಬಯಸುವುದು ನ್ಯಾಯವಲ್ಲ ಎಂದು ಬಲ್ಲೆ. ತಪ್ಪಾಗಲು ಜಾಗವಿಡದ ವ್ಯವಸ್ಥೆಯಲ್ಲಿ ಅವರ ಕೈಯೂ ಕಟ್ಟಿದೆ.

ಇನ್ನೊಂದು ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹದಿಹರೆಯದ ಮಿದುಳಿನ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಲಾರೆನ್ಸ್ ಸ್ಟೈನ್‌ಬರ್ಗ್ ಹೇಳುವಂತೆ, ಅವಸರವಿಲ್ಲದೆ, ಒಬ್ಬರೇ ಕುಳಿತು ತರ್ಕಿಸುವುದರಲ್ಲಿ ಹದಿನಾರರ ಮಕ್ಕಳು ದೊಡ್ಡವರಿಗೆ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಕಾಣುವುದು ಮನಸ್ಸು ಕಾವೇರಿದಾಗ, ಓರಗೆಯವರು ಪಕ್ಕದಲ್ಲಿದ್ದಾಗ. 2005ರಲ್ಲಿ ಅವರೂ ಮಾರ್ಗೊ ಗಾರ್ಡ್ನರ್ ಅವರೂ 306 ಜನರಿಗೆ ಕಾರು ಓಡಿಸುವ ಒಂದು ಕಂಪ್ಯೂಟರ್ ಆಟ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಎಷ್ಟೋ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಇರಲಿಲ್ಲ. ಪರೀಕ್ಷೆಯ ಕೋಣೆಗಿಂತ ತಣ್ಣಗಿನ, ಒಂಟಿಯಾದ ಜಾಗ ಇನ್ನೊಂದಿಲ್ಲ. ಮಕ್ಕಳು ಈಗಾಗಲೇ ಚೆನ್ನಾಗಿರುವ ಕಡೆಯೇ ನಾವು ಅವರನ್ನು ಮತ್ತೆ ಮತ್ತೆ ಅಳೆಯುತ್ತೇವೆ. ಬಟ್ಟೆ ಅಂಗಡಿಯ ಮುಂದೆ ಐವರು ಹುರುಪಿನಲ್ಲಿ ನಿಂತು ‘ಇನ್ನೊಂದು ತೊಗೊಳ್ಳೋಣ’ ಎನ್ನುವಾಗ ಒಬ್ಬಳು ಪುಸ್ತಕ ತೆರೆದು ಬೇಡ ಎನ್ನಬೇಕಲ್ಲ, ಆ ಅಭ್ಯಾಸಕ್ಕೆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ.

ಫಿನ್ಲೆಂಡಿನಲ್ಲಿ 2010ರಿಂದ ನಡೆಯುತ್ತಿರುವ ಒಂದು ಏರ್ಪಾಡಿನಲ್ಲಿ, ಆರನೇ ತರಗತಿಯ ಮಕ್ಕಳು ತರಗತಿಯಲ್ಲಿ ಮೊದಲೇ ತಯಾರಿ ಮಾಡಿಕೊಂಡು, ಪುಟ್ಟ ನಗರದ ಮಾದರಿಯೊಂದರಲ್ಲಿ ಒಂದು ದಿನ ಕೆಲಸಗಾರರಾಗಿ, ಗ್ರಾಹಕರಾಗಿ, ನಾಗರಿಕರಾಗಿ ಬದುಕಿ ನೋಡುತ್ತಾರೆ. ಒಂದು ದಿನ ಕಡಿಮೆಯೇ, ಆದರೂ ದಿಕ್ಕು ಸರಿಯಿದೆ. ಅದಕ್ಕೆ ಹಣವಿಲ್ಲದ ಶಾಲೆಯೂ ಮಾಡಬಹುದಾದದ್ದಿದೆ. ಅರ್ಧ ಮಾಹಿತಿ ಮಾತ್ರ ಕೊಟ್ಟ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಇಟ್ಟು, ‘ಉತ್ತರಿಸಲು ಇನ್ನೇನು ತಿಳಿಯಬೇಕು, ಯಾರನ್ನು ಕೇಳುತ್ತೀರಿ’ ಎಂಬುದಕ್ಕೇ ಅಂಕ ಕೊಡಬಹುದು. ನಿಜವಾದ ಬಾಡಿಗೆ ಕರಾರಿನ ಒಂದು ಪುಟವನ್ನು ತಂದು, ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆಯಿರಿ ಎನ್ನಬಹುದು. ಹೆಚ್ಚು ಗೆರೆ ಎಳೆದವರು ದಡ್ಡರಲ್ಲ ಎಂಬುದು ಆ ಅವಧಿಯಲ್ಲಾದರೂ ಸ್ಪಷ್ಟವಾಗಲಿ. ಶಾಲೆಯದೇ ಒಂದು ನಿರ್ಧಾರವನ್ನು, ಚಿಕ್ಕದೇ ಸರಿ, ಮಕ್ಕಳಿಗೆ ಬಿಟ್ಟುಕೊಟ್ಟು ಅದರ ಫಲವನ್ನು ಅವರೇ ಅನುಭವಿಸಲಿ ಎನ್ನಬಹುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ಅಭಿಪ್ರಾಯ ಹೇಳಲು ಹಕ್ಕುಳ್ಳದ್ದು, ಅದರ ವಯಸ್ಸಿಗೂ ಪಕ್ವತೆಗೂ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಸಿಗಬೇಕು ಎನ್ನುತ್ತದೆ. ಹದಿನೇಳು ವರ್ಷ ಮುನ್ನೂರ ಅರವತ್ತನಾಲ್ಕು ದಿನ ಶೌಚಾಲಯಕ್ಕೆ ಹೋಗಲೂ ಅನುಮತಿ ಕೇಳಿದವರು ಮಾರನೆಯ ದಿನ ಕರಾರಿಗೆ ಸಹಿ ಹಾಕಬಲ್ಲವರಾಗುತ್ತಾರೆ ಎಂದು ಕಾನೂನು ಭಾವಿಸಬಹುದು. ಶಾಲೆ ಹಾಗೆ ಭಾವಿಸಬಾರದು.

ಅಕ್ಕನ ಮಗಳಿಗೆ ಆ ದಿನ ನಾನು ಉತ್ತರ ಹೇಳಲಿಲ್ಲ. ಚೀಲದಿಂದ ಒಂದು ಹಳೆಯ ರಸೀದಿ ತೆಗೆದು ಅದರ ಹಿಂಬದಿ ಕೊಟ್ಟೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತು ಹತ್ತೋ ಹನ್ನೆರಡೋ ಸಲ ಬರೆದು ನೋಡಿದಳು. ಒಂದರಲ್ಲಿ ಹೆಸರಿನ ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದಿದ್ದಳು. ಅದನ್ನೇ ಇನ್ನೂ ನಾಲ್ಕು ಸಲ ಬರೆದು, ಎಲ್ಲವೂ ಒಂದೇ ಥರ ಬಂತಾ ಎಂದು ದೂರ ಹಿಡಿದು ನೋಡಿ, ಚೌಕದೊಳಗೆ ಹಾಕಿದಳು. ಕೌಂಟರಿಗೆ ಕೊಡುವ ಮುಂಚೆ ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದೋಣ ಎಂದೆ. ಓದಿದಳು. ಮೂರನೇ ಷರತ್ತಿನ ಹತ್ತಿರ ಬೆರಳು ನಿಂತಿತು. ಇದೇನು ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದಳು. ಅವಳ ಹಿಂದೆ ಸಾಲಿನಲ್ಲಿ ಮೂವರಿದ್ದರು. ಕಿಟಕಿಯೊಳಗಿದ್ದವರಿಗೆ ಆ ಸಾಲು ತೋರಿಸಿ ಏನೋ ಕೇಳಿದಳು. ಅವರು ಕಾಗದ ಹತ್ತಿರ ಹಿಡಿದು ಓದಿದರು, ಮತ್ತೊಮ್ಮೆ ಓದಿದರು. ‘ಒಂದು ನಿಮಿಷ ಇರಮ್ಮ, ಒಳಗೆ ಕೇಳಿಕೊಂಡು ಬರುತ್ತೇನೆ’ ಎಂದು ಎದ್ದರು. ಅವಳು ನನ್ನ ಕಡೆ ತಿರುಗಿ ನೋಡಿದಳು, ಆಮೇಲೆ ಕೌಂಟರಿನ ಅಂಚಿಗೆ ಕೈಯೂರಿ ಅಲ್ಲೇ ನಿಂತು ಕಾದಳು.